ಮಳೆಗಾಲ ಕಾಣದ ಮನೆ, ಹಿರಿಯರಿಗೆ ಬೇಡ

ಹೋದ ವರ್ಷ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ, ಪ್ರೌಢಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಫೋನ್ ಮಾಡಿದರು. "ಏನಪ್ಪಾ ಡಾಕ್ಟ್ರೇ, ಸಕಲೇಶಪುರದ ಹತ್ತಿರ ಒಂದು ಮನೆ ನೋಡಿದೀವಿ. ನೀನೂ ಒಂದ್ಸಲ ಬಂದು ನೋಡ್ತೀಯಾ?" ಎಂದರು. ಮಕ್ಕಳಿಬ್ಬರೂ ಹೊರದೇಶದಲ್ಲಿ. ಬೆಂಗಳೂರಿನ ಹೊಗೆ, ಗದ್ದಲ ಸಾಕಾಗಿ, ಉಳಿದ ದಿನಗಳನ್ನು ಮಲೆನಾಡಿನ ತಂಪಿನಲ್ಲಿ ಕಳೆಯುವುದು ದಂಪತಿಯ ಆಸೆ.

ಹೋದೆ. ಕಾಫಿ ತೋಟದ ಅಂಚಿನಲ್ಲಿ, ನಿವೃತ್ತರಿಗೆಂದೇ ಕಟ್ಟಿದ್ದ ಒಂದೇ ಅಚ್ಚಿನ ಇಪ್ಪತ್ತು ಚಿಲ್ಲರೆ ಮನೆಗಳು. ಮುಖ ಕಾಣುವಂಥ ನೆಲ, ಹೊಸ ಬಣ್ಣ, ಕಿಟಕಿಯಾಚೆ ಬೆಟ್ಟದ ಸಾಲು. "ಚೆನ್ನಾಗಿದೆ ಸಾರ್, ತಗೊಳ್ಳಿ. ಇಲ್ಲಿನ ಗಾಳಿಗೇ ನಿಮ್ಮ ಅರ್ಧ ಕಾಯಿಲೆ ಹೋಗುತ್ತೆ" ಎಂದವನು ನಾನೇ.

ಜುಲೈ ತಿಂಗಳಲ್ಲಿ ಮೇಷ್ಟ್ರ ಪತ್ನಿಗೆ ರಾತ್ರಿಯಿಡೀ ಕೆಮ್ಮು, ಉಬ್ಬಸ. ಎರಡು ಬಾರಿ ಔಷಧಿ ಬದಲಾಯಿಸಿದರೂ ಗುಣ ಕಾಣಲಿಲ್ಲ. ಮೂರನೆಯ ಸಲ ನಾನೇ ಮನೆಗೆ ಹೋದೆ. ಮಲಗುವ ಕೋಣೆಯ ಬೀರು ಸರಿಸಿ ನೋಡಿದರೆ ಪಡುವಣ ಗೋಡೆಯ ತುಂಬ ಕಪ್ಪು ಬೂಷ್ಟು. ಆಗಸ್ಟಿನಲ್ಲಿ ಮೇಷ್ಟ್ರು ಬಚ್ಚಲುಮನೆಯ ಹೊಸ್ತಿಲ ಬಳಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು. ಇಂದಿಗೂ ವಾಕರ್ ಹಿಡಿದೇ ನಡೆಯುತ್ತಾರೆ.

ಅವರಿಬ್ಬರ ಎದೆಗೆ ಎಷ್ಟೋ ಸಲ ಸ್ಟೆತಸ್ಕೋಪ್ ಇಟ್ಟಿದ್ದ ನಾನು, ಆ ಮನೆಯ ಗೋಡೆಗೆ ಒಮ್ಮೆಯೂ ಕೈ ಇಟ್ಟು ನೋಡಿರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ವೈದ್ಯನಿಗೇಕೆ ಈ ಉಸಾಬರಿ?

ಗೋಡೆ, ಗಾರೆ, ಸಿಮೆಂಟು ಇಂಜಿನಿಯರ್ ನೋಡಬೇಕಾದ ವಿಷಯವಲ್ಲವೇ ಎಂದು ಓದುಗರು ಕೇಳಬಹುದು. ನಿಜ. ಆದರೆ ದುಡಿಯುವ ವಯಸ್ಸಿನವರು ದಿನದ ಅರ್ಧ ಭಾಗ ಮನೆಯ ಹೊರಗಿರುತ್ತಾರೆ. ನಿವೃತ್ತರು ಇಪ್ಪತ್ತು, ಇಪ್ಪತ್ತೆರಡು ಗಂಟೆ ಒಳಗೇ ಇರುತ್ತಾರೆ, ಮಳೆ ಹಿಡಿದರಂತೂ ವಾರಗಟ್ಟಲೆ. ಅಂಥವರಿಗೆ ಮನೆಯ ದೋಷ ಮೈಯ ದೋಷವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಶ್ವಾಸಕೋಶದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಬೀಳುವ ವಿಷಯವೂ ಸಣ್ಣದಲ್ಲ. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಬದುಕುಳಿದ ಅನೇಕರು ಮೊದಲಿನಂತೆ ನಡೆಯಲಾರರು.

ಹಳಬರ ಲೆಕ್ಕಾಚಾರ

ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಆಲೂರಿನಿಂದ ಪಶ್ಚಿಮಕ್ಕೆ ಸರಿದಂತೆ ಮಳೆ ಏರುತ್ತ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೊಂದಿಗೆ ಓರೆಯಾಗಿ ಬಂದು ಗೋಡೆಗೇ ಬಡಿಯುವ ಮಳೆ ಇದು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಇಲ್ಲಿನ ಹಳೆಯ ಮನೆಗಳನ್ನೂ ತೋಟದ ಬಂಗಲೆಗಳನ್ನೂ ನೋಡಿ. ಎತ್ತರದ ಅಡಿಪಾಯ, ಕಡಿದಾದ ಹೆಂಚಿನ ಮಾಡು, ಗೋಡೆಗೆ ಇರಚಲು ತಾಗದಂತೆ ಮುಂದೆ ಚಾಚಿದ ಸೂರು, ಸುತ್ತ ಜಗಲಿ. ಮನೆಯೊಳಗೆ ಒಲೆಯ ಬಿಸಿ ಸದಾ ಇರುತ್ತಿತ್ತು. ಇಂದು ಬಯಲುಸೀಮೆಯ ನಕ್ಷೆಯನ್ನೇ ತಂದು ಬೆಟ್ಟದ ಮೇಲೆ ಇಡುತ್ತಿದ್ದೇವೆ. ಚಪ್ಪಟೆ ತಾರಸಿ, ಒಂದಡಿಯ ಸಜ್ಜಾ, ಬರಿಮೈ ಗೋಡೆ. ಇದರ ಫಲ ಮೇಷ್ಟ್ರ ಮಲಗುವ ಕೋಣೆಯಲ್ಲಿ ಕಂಡಿತು.

ಮತ್ತೊಂದು ವಿಷಯ. ಹೊಸ ಕಾಂಕ್ರೀಟು ಮತ್ತು ಗಾರೆಯಲ್ಲಿ ಸೇರಿದ ನೀರು ಪೂರ್ತಿ ಆರಲು ತಿಂಗಳುಗಳೇ ಬೇಕು. ಅವಸರದಲ್ಲಿ ಪುಟ್ಟಿ ಬಳಿದು ಬಣ್ಣ ಹೊಡೆದರೆ ತೇವ ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಕಾಣದ ಆ ತೇವ ಮೊದಲ ಮಳೆಗಾಲದಲ್ಲಿ ಬೂಷ್ಟಾಗಿ ಮೇಲೇಳುತ್ತದೆ.

ನೋಡಿ, ಮುಟ್ಟಿ, ತಟ್ಟಿ, ಕೇಳಿ

ರೋಗಿಯನ್ನು ಪರೀಕ್ಷಿಸಲು ವೈದ್ಯ ವಿದ್ಯಾರ್ಥಿಗೆ ಕಲಿಸುವ ಕ್ರಮ ಇದು. ಮನೆಗೂ ಇದೇ ಸಾಕು.

ಮೊದಲು ನೋಡಿ. ಬೀರು, ಮಂಚದ ಹಿಂದೆ, ಚಾವಣಿಯ ಮೂಲೆಗಳಲ್ಲಿ, ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಬಿಳಿ ಉಪ್ಪಿನಂಥ ಪುಡಿ, ಉಬ್ಬಿದ ಬಣ್ಣ, ಒಂದು ಕಡೆ ಮಾತ್ರ ಹೊಸದಾಗಿ ಬಳಿದ ಗುರುತು ಇದ್ದರೆ ತೇವವಿದೆಯೆಂದು ತಿಳಿಯಿರಿ. ಕೂದಲೆಳೆಯ ಬಿರುಕು ಗಾರೆಯಲ್ಲಿ ಸಹಜ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು, ರೂಪಾಯಿ ನಾಣ್ಯದ ಅಂಚು ಹೋಗುವಷ್ಟು ಅಗಲವಾದ ಬಿರುಕು ಸಹಜವಲ್ಲ. ಅದಕ್ಕೆ ಇಂಜಿನಿಯರರನ್ನೇ ಕರೆಸಿ.

ಮುಟ್ಟಿ. ನೆಲದಿಂದ ಒಂದಡಿ ಎತ್ತರದಲ್ಲಿ ಗೋಡೆಗೆ ಅಂಗೈ ಇಡಿ. ಅನುಮಾನ ಬಂದರೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ ಎಂದರ್ಥ. ಹೊರಮೈಯಲ್ಲಿ ಮಾತ್ರ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ.

ತಟ್ಟಿ. ನಾವು ಬೆನ್ನು ತಟ್ಟಿ ಎದೆಯಲ್ಲಿ ನೀರು ತುಂಬಿದೆಯೇ ಎಂದು ತಿಳಿಯುವಂತೆ, ಬಚ್ಚಲಿನ ಟೈಲ್ಸ್‌ಗಳನ್ನು ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಗಾರೆಯಿಲ್ಲ. ಅದು ನಾಳೆ ಬಿರಿಯುತ್ತದೆ, ನೀರು ಇಳಿಯುತ್ತದೆ.

ಕೇಳಿ. ನಲ್ಲಿ ಎಲ್ಲ ನಿಲ್ಲಿಸಿದ ಮೇಲೂ ಪೈಪಿನಲ್ಲಿ ನೀರಿನ ಸದ್ದಿದ್ದರೆ ಎಲ್ಲೋ ಸೋರುತ್ತಿದೆ. ಅದಕ್ಕಿಂತ ಮುಖ್ಯವಾಗಿ ಅಕ್ಕಪಕ್ಕದವರನ್ನು ಕೇಳಿ, ಕಟ್ಟಡದ ಕೂಲಿಯವರನ್ನು ಕೇಳಿ. ಮಾರುವವರು ಹೇಳದ್ದನ್ನು ಅವರು ಹೇಳುತ್ತಾರೆ.

ಬಚ್ಚಲು ಮತ್ತು ಸುತ್ತಲ ನೆಲ

ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು, ಅದು ಎತ್ತ ಹರಿಯುತ್ತದೆಂದು ನೋಡಿ. ಬಾಗಿಲ ಕಡೆ ಹರಿದರೆ ಅದು ಬೀಳಿಸುವ ಬಚ್ಚಲು. ಹಿಡಿಕಂಬಿ ಇದ್ದರೆ ಇಡೀ ಭಾರ ಹಾಕಿ ಎಳೆದು ನೋಡಿ. ಟೈಲ್ಸ್‌ಗೆ ಮಾತ್ರ ಸಿಕ್ಕಿಸಿದ ಕಂಬಿ ಬೀಳುವಾಗ ಕೈಕೊಡುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಿ, ನೆರವಿಗೆ ಹೋಗಲಾಗದೆ ಒದ್ದಾಡಿದ್ದನ್ನು ನಾನು ಕಂಡಿದ್ದೇನೆ. ಗಾಲಿಕುರ್ಚಿ ಸಾಗಲು 900 ಮಿಲಿಮೀಟರ್ ಅಗಲದ ಬಾಗಿಲು ಬೇಕು. ಇಳಿಜಾರು ದಾರಿ ಒಂದಡಿ ಏರಲು ಹನ್ನೆರಡಡಿ ಉದ್ದ ಇರಬೇಕು.

ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಕೂರಿಸಿದ್ದರೆ ಹೊರಗೆ ಹಾಕಿಸಿ. ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣ ಹೋದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದೂ ಅಷ್ಟೇ ಅಪಾಯ.

ಕುಡಿಯುವ ನೀರು ಬಾವಿಯದಾದರೆ, ಅದು ಶೌಚದ ಗುಂಡಿಯಿಂದ ಕನಿಷ್ಠ 50 ಅಡಿ ದೂರ ಮತ್ತು ಮೇಲಿನ ಮಟ್ಟದಲ್ಲಿರಬೇಕು. ಇಳಿಜಾರಿನ ಬಡಾವಣೆಯಲ್ಲಿ ಮೇಲಿನ ಮನೆಯ ಗುಂಡಿ ನಿಮ್ಮ ಬಾವಿಯ ನೆತ್ತಿಯ ಮೇಲಿರಬಹುದು. ಮಳೆಗಾಲದ ವಾಂತಿ ಭೇದಿ, ವಿಷಮಶೀತ ಜ್ವರ, ಕಾಮಾಲೆ ಹಾಗೆ ಬರುವುದುಂಟು.

ನೆಲವನ್ನೂ ನೋಡಿ. ಗುಡ್ಡ ಕಡಿದು, ಅದೇ ಮಣ್ಣನ್ನು ಮುಂದೆ ಸುರಿದು ಮಟ್ಟ ಮಾಡಿದ ಜಾಗದಲ್ಲಿ ಮನೆಯ ಅರ್ಧ ಗಟ್ಟಿ ನೆಲದ ಮೇಲೂ ಅರ್ಧ ತುಂಬಿದ ಮಣ್ಣಿನ ಮೇಲೂ ನಿಲ್ಲುತ್ತದೆ. ತುಂಬಿದ ಭಾಗ ಇಳಿದರೆ ಮನೆ ಬಿರಿಯುತ್ತದೆ. ಹಿಂದಿನ ತಡೆಗೋಡೆಯಲ್ಲಿ ನೀರು ಹೊರಬರಲು ತೂತುಗಳಿವೆಯೇ, ಮೇಲಿನ ನೀರಿಗೆ ಚರಂಡಿಯಿದೆಯೇ ಎಂದು ನೋಡಿ. 2018ರ ಆಗಸ್ಟ್ ಮತ್ತು 2024ರ ಜುಲೈನಲ್ಲಿ ಮಣ್ಣು ಕುಸಿದು ಶಿರಾಡಿ ಘಾಟಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ದಾರಿ ಮುಚ್ಚಿದರೆ ಆಸ್ಪತ್ರೆಯೂ ದೂರವಾಗುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದವರಿಗೆ ಅದನ್ನು ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಆನೆ ಓಡಾಡುವ ತೋಟದ ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬರಬಲ್ಲದೇ ಎಂದು ಕೊಳ್ಳುವ ಮೊದಲೇ ಯೋಚಿಸಿ.

ಒಂದು ಮಳೆಗಾಲ ಕಾಯಿರಿ

ನನ್ನ ಅಭಿಪ್ರಾಯ ಇಷ್ಟೇ. ಈ ಬೆಟ್ಟಗಳಲ್ಲಿ ಹಿರಿಯರಿಗಾಗಿ ಕಟ್ಟಿದ ಮನೆ ಒಂದು ಪೂರ್ತಿ ಮಳೆಗಾಲ ಕಂಡ ಮೇಲೆಯೇ ಕೈ ಬದಲಾಗಬೇಕು. ಅಷ್ಟರಲ್ಲಿ ಬೆಲೆ ಏರುತ್ತದೆ, ಒಳ್ಳೆಯ ಮನೆ ಕೈತಪ್ಪುತ್ತದೆ ಎನ್ನುವವರಿದ್ದಾರೆ. ಎಪ್ಪತ್ತು ದಾಟಿದವರಿಗೆ ಒಂದು ವರ್ಷ ಕಾಯುವುದು ಸುಲಭವಲ್ಲ ಎಂಬುದೂ ಸರಿ. ಹಾಗಿದ್ದರೆ ಜುಲೈನಲ್ಲಿ ಅದೇ ಬಡಾವಣೆಯ ಮನೆಯೊಂದರಲ್ಲಿ ಎರಡು ವಾರ ಬಾಡಿಗೆಗೆ ಇದ್ದು ನೋಡಿ. ಕಟ್ಟಿದವರಿಗೆ ತಮ್ಮ ಕೆಲಸದ ಮೇಲೆ ನಂಬಿಕೆಯಿದ್ದರೆ ಇದಕ್ಕೆ ಅಡ್ಡಿ ಮಾಡಲಾರರು. ಅಡ್ಡಿ ಮಾಡಿದರೆ ಅದೇ ಒಂದು ರೋಗಲಕ್ಷಣ.

ಈಗಾಗಲೇ ಕೊಂಡವರೂ ಕೈಕಟ್ಟಿ ಕೂರಬೇಕಾಗಿಲ್ಲ. ರೇರಾ ಎಂದು ಕರೆಯುವ 2016ರ ಕಾಯ್ದೆಯಂತೆ, ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನಗಳಲ್ಲಿ ಕಟ್ಟಿದವರೇ ಖರ್ಚಿಲ್ಲದೆ ಸರಿಪಡಿಸಬೇಕು. ಬಾಯಿಮಾತು ಸಾಲದು. ಫೋಟೋ ಸಹಿತ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ನಿವೃತ್ತರ ಮನೆಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಮನೆ ನೋಡಲು ಹೋಗುವಾಗ ಅದರ ಪ್ರತಿಯೊಂದನ್ನು ಜೊತೆಗೆ ಒಯ್ಯಿರಿ.

ಊರಿನಿಂದ ದೂರವಿರುವ ಮಕ್ಕಳಿಗೂ ಒಂದು ಮಾತು. ವಿಡಿಯೋದಲ್ಲಿ ಮನೆ ನೋಡಿ ಹಣ ಕಳುಹಿಸಬೇಡಿ. ವಿಡಿಯೋಗೆ ಬೂಷ್ಟಿನ ವಾಸನೆ ತಿಳಿಯುವುದಿಲ್ಲ. ರಜೆ ಹಾಕುವುದಾದರೆ ಡಿಸೆಂಬರಿನಲ್ಲಲ್ಲ, ಜುಲೈನಲ್ಲಿ ಹಾಕಿ ಬನ್ನಿ.

ಮೇಷ್ಟ್ರ ಮನೆಯ ಪಡುವಣ ಗೋಡೆಗೆ ಈಗ ಹೊರಗಿನಿಂದ ತಗಡಿನ ಮಾಡು ಇಳಿಸಿದ್ದಾರೆ. ಬಚ್ಚಲ ಹೊಸ್ತಿಲು ತೆಗೆಸಿ, ಗಟ್ಟಿ ಹಿಡಿಕಂಬಿ ಹಾಕಿಸಿದ್ದಾರೆ. ಅಮ್ಮನವರ ಉಬ್ಬಸ ಇನ್‌ಹೇಲರ್‌ನಲ್ಲಿ ಹತೋಟಿಗೆ ಬಂದಿದೆ. ಮೊನ್ನೆ ಹೋದಾಗ ನಾನು ತಪ್ಪೊಪ್ಪಿಕೊಂಡೆ. ಮೇಷ್ಟ್ರು ನಕ್ಕು, "ಲೆಕ್ಕ ನೀನೊಬ್ಬನೇ ತಪ್ಪಿದ್ದಲ್ಲ ಕಣಪ್ಪ, ಮೇಷ್ಟ್ರೂ ತಪ್ಪಿದರು. ಇನ್ನೊಬ್ಬರು ತಪ್ಪದ ಹಾಗೆ ಬರಿ" ಎಂದರು.

ಬರೆದಿದ್ದೇನೆ.