ಒಟಿಪಿ ಯಾರ ಫೋನಿಗೆ ಬರುತ್ತೆ? ಮೊರಬದಿಂದ ಒಂದು ರಾಜಕೀಯ ಪ್ರಶ್ನೆ

ನಮ್ಮ ಮೊರಬದಲ್ಲಿ ಯಾವುದೇ ಯೋಜನೆಯ ಕೆಲಸಕ್ಕೆ ಸೇವಾ ಕೇಂದ್ರದ ಮುಂದೆ ನಿಂತರೆ ಮೊದಲು ಬರುವ ಪ್ರಶ್ನೆ, ‘ಆಧಾರ್‌ಗೆ ಯಾವ ನಂಬರ್ ಐತಿ?’ ಇದಕ್ಕೆ ಊರಿನ ಹೆಣ್ಮಕ್ಕಳು ಕೊಡುವ ಉತ್ತರಗಳನ್ನು ನಾನು ಬಹಳ ದಿನದಿಂದ ಕೇಳುತ್ತಾ ಬಂದಿದ್ದೇನೆ. ‘ನಮ್ಮನಿಯವರದ ಇತ್ತರೀ, ಆ ಸಿಮ್ ಬಂದ್ ಆಗೇತಿ.’ ‘ಮಗಂದು ಕೊಟ್ಟಿದ್ನಿ, ಅವ ಪುಣೆದಾಗ ಅದಾನ, ಫೋನ್ ಎತ್ತವಲ್ಲ.’ ‘ಯಾವ್ದು ಹಾಕ್ಯಾರೋ ಏನೋ ತಮ್ಮಾ, ಅವತ್ತು ಅರ್ಜಿ ತುಂಬಿದವನ್ನ ಕೇಳಬೇಕು.’

ಮೂರರಲ್ಲೂ ಒಂದು ಮಾತು ಸಮಾನ. ನಂಬರ್ ಅವರದಲ್ಲ.

ಖಾತೆ ಲಾಕ್ ಆದರೆ ತೆರೆಸಿಕೊಳ್ಳಲು ಒಂದು ಬದಲಿ ನಂಬರ್, ಒಂದು ಬದಲಿ ಇಮೇಲ್ ಇಟ್ಟುಕೊಳ್ಳಿ ಅಂತ ಗೂಗಲ್ ಹೇಳುತ್ತದೆ, ಬ್ಯಾಂಕು ಹೇಳುತ್ತದೆ. ನಾವು ಅದನ್ನು ‘ಟೆಕ್ ಟಿಪ್ಸ್’ ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗುತ್ತೇವೆ. ಆದರೆ ಪಿಂಚಣಿ, ಸ್ಕಾಲರ್‌ಶಿಪ್, ರೇಷನ್, ಪರೀಕ್ಷೆಯ ಹಾಲ್ ಟಿಕೆಟ್ ಎಲ್ಲವೂ ಒಂದು ಮೊಬೈಲ್ ನಂಬರಿನ ಹಿಂದೆ ನಿಂತಿರುವಾಗ, ಆ ನಂಬರ್ ಕಳೆದರೆ ‘ಇದು ನಾನೇ’ ಅಂತ ಸಾಬೀತು ಮಾಡುವ ಎರಡನೇ ದಾರಿ ಯಾರಿಗಿದೆ, ಯಾರಿಗಿಲ್ಲ ಅನ್ನುವುದು ನೇರವಾಗಿ ಹಕ್ಕಿನ ಪ್ರಶ್ನೆ. ಹುಬ್ಬಳ್ಳಿಯ ಐಟಿ ಉದ್ಯೋಗಿಗೆ ಎರಡು ಸಿಮ್, ಎರಡು ಇಮೇಲ್, ಒಂದು ಲ್ಯಾಪ್‌ಟಾಪ್ ಇರುತ್ತದೆ. ಹೆಸರು ಬಿಡಿಸಲು ಹೊಲಕ್ಕೆ ಹೋಗುವ ನಮ್ಮೂರ ಅಕ್ಕನಿಗೆ ಇರುವುದು ಒಂದೇ ಕೀಪ್ಯಾಡ್ ಫೋನು, ಅದೂ ಮನೆಮಂದಿಗೆಲ್ಲ ಸೇರಿ.

ಗೃಹಲಕ್ಷ್ಮಿಯನ್ನೇ ನೋಡಿ. 2023ರ ಜುಲೈ 19ಕ್ಕೆ ನೋಂದಣಿ ಶುರುವಾಯಿತು, ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಅನ್ನುವುದು ಅದರ ಜೀವಾಳ. ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬರುತ್ತದೆ, ಹಾಗಾಗಿ ಸಿಮ್ ಬಂದ್ ಆದ ಮಾತ್ರಕ್ಕೆ ಹಣ ನಿಲ್ಲಬೇಕೆಂದಿಲ್ಲ. ನಿಲ್ಲುವುದು ಸುದ್ದಿ. ‘ಹಣ ಜಮಾ ಆಗಿದೆ’ ಅನ್ನುವ ಮೆಸೇಜ್ ಗಂಡನ ಫೋನಿಗೋ ಮಗನ ಫೋನಿಗೋ ಹೋಗುತ್ತದೆ. ಯಜಮಾನಿಯ ಹಣ ಬಂದದ್ದು ಯಜಮಾನಿಗೇ ಕೊನೆಗೆ ಗೊತ್ತಾಗುತ್ತದೆ. ಏನಾದರೂ ಅಡಚಣೆಯಾಗಿ ಇ-ಕೆವೈಸಿ ಮಾಡಿಸಬೇಕಾದರೆ ಒಟಿಪಿ ಬೇಕು, ಇಲ್ಲವೇ ಬೆರಳಚ್ಚು ಬೇಕು. ಎಷ್ಟೋ ವರ್ಷ ಕಳೆ ತೆಗೆದು, ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದ ಕೈಯ ಗೆರೆಗಳನ್ನು ಆ ಯಂತ್ರ ಒಂದೇ ಸಲಕ್ಕೆ ಓದಿದರೆ ಪುಣ್ಯ.

ನಂಬರ್ ಹೇಗೆ ಸಾಯುತ್ತದೆ ಅನ್ನುವುದೂ ತಿಳಿದಿರಬೇಕು. ಟ್ರಾಯ್ ನಿಯಮದ ಪ್ರಕಾರ ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೊಂದು 30 ದಿನ ಉಳಿಸುತ್ತಾರೆ. ಈ 20 ರೂಪಾಯಿಯ ಸಂಗತಿಯನ್ನು ರೀಚಾರ್ಜ್ ಅಂಗಡಿಯಲ್ಲಿ ನಿಮಗೆ ಯಾರಾದರೂ ಹೇಳಿದ್ದುಂಟಾ? 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದವು. ಬಡ ಮನೆಯಲ್ಲಿ ರೀಚಾರ್ಜ್ ನಿಲ್ಲಿಸುವ ಪ್ರಸಂಗ ಬಂದರೆ ಯಾರ ಸಿಮ್ ಮೊದಲು ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸತ್ತ ನಂಬರ್ ಮತ್ತೆ ಹುಟ್ಟುತ್ತದೆ, ಬೇರೆಯವರ ಕೈಯಲ್ಲಿ. ಬಂದ್ ಆದ ನಂಬರನ್ನು 90 ದಿನದವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಟ್ರಾಯ್ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. 2023ರ ನವೆಂಬರ್‌ನಲ್ಲಿ ಕೋರ್ಟ್ ಅದನ್ನು ದಾಖಲಿಸಿಕೊಂಡು, ತನ್ನ ಖಾಸಗಿತನ ಕಾಪಾಡಿಕೊಳ್ಳುವ ಹೊಣೆ ಹಳೆಯ ಗ್ರಾಹಕರದ್ದೇ ಎಂದು ಹೇಳಿ ಅರ್ಜಿಯನ್ನು ಮುಗಿಸಿತು. ನಂಬರ್ ಯಾವ ಯಾವ ಖಾತೆಗೆ ಅಂಟಿದೆ ಎಂದೇ ಗೊತ್ತಿಲ್ಲದ ಹಳೆಯ ಗ್ರಾಹಕಿ ಏನು ಕಾಪಾಡಿಕೊಳ್ಳಬೇಕು? ಯುಪಿಐ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಮೂಡಿದೆ. ಬಂದ್ ಆದ, ಮರುಹಂಚಿಕೆಯಾದ ನಂಬರುಗಳ ಪಟ್ಟಿ ನೋಡಿ ದಾಖಲೆ ಸರಿಪಡಿಸಿಕೊಳ್ಳಬೇಕು ಎಂದು ಎನ್‌ಪಿಸಿಐ ಬ್ಯಾಂಕು ಮತ್ತು ಆ್ಯಪ್‌ಗಳಿಗೆ 2025ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದೆ. ದುಡ್ಡಿನ ಆ್ಯಪ್‌ಗೆ ಇರುವ ಈ ಎಚ್ಚರ ರೇಷನ್ ಕಾರ್ಡಿಗೆ, ಸ್ಕಾಲರ್‌ಶಿಪ್ಪಿಗೆ ಯಾಕಿಲ್ಲ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಹೆಣ್ಣುಮಕ್ಕಳು ಸುಮಾರು ಶೇ 54. ಹಳ್ಳಿಗಳಲ್ಲಿ ಅದು ಶೇ 47ರ ಆಸುಪಾಸು. ಅಂದರೆ ಹಳ್ಳಿಯ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ‘ನಿಮ್ಮ ನಂಬರ್’ ಅನ್ನುವ ಖಾನೆಯಲ್ಲಿ ಬರೆಯಲು ತಮ್ಮದೊಂದು ಇರಲಿಲ್ಲ. ಒಂದು ವ್ಯಕ್ತಿ, ಒಂದು ನಂಬರ್ ಎಂದು ಭಾವಿಸಿ ಕಟ್ಟಿದ ವ್ಯವಸ್ಥೆಯ ಬುನಾದಿಯಲ್ಲೇ ಹೀಗೊಂದು ಬಿರುಕಿದೆ.

ಇದು ಹಿರಿಯರ ಸಮಸ್ಯೆ ಅಂದುಕೊಂಡರೆ ನಿಮ್ಮ ಇಮೇಲನ್ನೇ ತೆಗೆದು ನೋಡಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಸ್ಕಾಲರ್‌ಶಿಪ್ಪಿಗೋ ಸಿಇಟಿಗೋ ಅಂತ ಹಳ್ಳಿಯ ಹುಡುಗ ಹುಡುಗಿಯರ ಮೊದಲ ಜಿಮೇಲ್ ಹುಟ್ಟುವುದು ಬಹಳ ಸಲ ಸೈಬರ್ ಅಂಗಡಿಯಲ್ಲಿ. ಪಾಸ್‌ವರ್ಡ್ ಅಂಗಡಿಯವರೇ ಇಡುತ್ತಾರೆ, ಊರಿನ ಹೆಸರು ಮುಂದೆ 123. ರಿಕವರಿ ನಂಬರ್ ಜಾಗದಲ್ಲಿ ಅಂಗಡಿಯದ್ದೇ ನಂಬರ್. ಅವರಲ್ಲಿ ದುರುದ್ದೇಶ ಇರುತ್ತದೆ ಅಂತ ನಾನು ಹೇಳುತ್ತಿಲ್ಲ, ಸಾಲು ನಿಂತ ನಲವತ್ತು ಮಂದಿಯ ಕೆಲಸ ಮುಗಿಸುವ ಅವಸರ ಅದು. ಮುಂದೆ ಹುಡುಗಿ ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ ಹಳೆಯ ಮೇಲ್ ಬೇಕಾಗುತ್ತದೆ. ಅಷ್ಟೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ, ಹಾಗಾಗಿ ಖಾತೆಯೇ ಉಳಿದಿರುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ರಿಕವರಿ ನಂಬರ್ ಅಂದರೆ ಬರೀ ಸಹಾಯದ ನಂಬರ್ ಅಂತ ಓದಬೇಡಿ. ಆ ಫೋನು ಯಾರ ಕೈಯಲ್ಲಿದೆಯೋ ಅವರು ನಿಮ್ಮ ಪಾಸ್‌ವರ್ಡ್ ಬದಲಿಸುವ ಹಾದಿಯಲ್ಲಿ ಅರ್ಧ ದೂರ ಬಂದಂತೆಯೇ. ಅಣ್ಣನ ನಂಬರ್ ಇಟ್ಟ ತಂಗಿಯ ಖಾತೆಯ ಕೀಲಿ ಅಣ್ಣನ ಬಳಿಯೂ ಇದೆ. ಅಣ್ಣ ಒಳ್ಳೆಯವನಿರಬಹುದು. ತಂಗಿ ಯಾರನ್ನು ಪ್ರೀತಿಸುತ್ತಾಳೆ, ಯಾವ ಸಂಘಟನೆಗೆ ಹೋಗುತ್ತಾಳೆ ಅನ್ನುವ ಪ್ರಶ್ನೆ ಎದ್ದ ದಿನವೂ ಅವನು ಹಾಗೇ ಇರುತ್ತಾನಾ?

ನಮ್ಮ ಕಡೆ ಕಾಗದ ಕಳೆದರೆ, ಆಸ್ತಿಯ ವಾರಸಾ ಪ್ರಶ್ನೆ ಬಂದರೆ ಪಂಚರು ಬೇಕು. ‘ಹೌದ್ರೀ, ಇವ ಇಂಥವರ ಮಗಾನ’ ಅಂತ ಗುರುತಿರುವ ನಾಲ್ಕು ಮಂದಿ ಹೇಳಿ ಸಹಿ ಹಾಕಬೇಕು. ಅದರಲ್ಲಿ ಜಾತಿ, ಗೌಡಿಕೆ ಎಲ್ಲವೂ ನುಸುಳುತ್ತಿತ್ತು, ಈಗಲೂ ನುಸುಳುತ್ತದೆ. ಆದರೆ ಮನುಷ್ಯರ ಸಾಕ್ಷಿಗೆ ಬೆಲೆಯಿತ್ತು. ಆಧಾರ್ ಕೂಡ ಇದನ್ನು ಒಪ್ಪಿದೆ. ದಾಖಲೆ ಇಲ್ಲದವರು ಪರಿಚಯಿಸುವವರ ಮೂಲಕ ಅಥವಾ ಕುಟುಂಬದ ಮುಖ್ಯಸ್ಥರ ಮೂಲಕ ನೋಂದಾಯಿಸಿಕೊಳ್ಳಲು 2016ರ ನಿಯಮಗಳಲ್ಲೇ ಅವಕಾಶ ಕೊಟ್ಟಿದ್ದಾರೆ. ಒಳಗೆ ಬರುವ ಬಾಗಿಲಲ್ಲಿ ಸಾಕ್ಷಿ ನಡೆಯುತ್ತದೆ, ಒಳಗೆ ಬಂದ ಮೇಲೆ ಒಟಿಪಿಯ ಬಾಗಿಲಲ್ಲಿ ನಡೆಯುವುದಿಲ್ಲ.

ತಮಾಷೆ ಅಂದರೆ ಕ್ಯಾಲಿಫೋರ್ನಿಯಾದ ಕಂಪನಿಗಳು ಈಗ ಪಂಚರ ಕಡೆಗೇ ತಿರುಗಿವೆ. ಫೇಸ್‌ಬುಕ್ 2013ರಲ್ಲಿ ‘ನಂಬಿಕಸ್ಥ ಸಂಪರ್ಕಗಳು’ ಎಂಬ ಸೌಲಭ್ಯ ತಂದು ಮುಂದೆ ಕೈಬಿಟ್ಟಿತು. ಆ್ಯಪಲ್ 2021ರಲ್ಲಿ ಇಂಥದ್ದನ್ನೇ ತಂದಿತು. ಗೂಗಲ್ 2025ರ ಅಕ್ಟೋಬರ್‌ನಲ್ಲಿ ‘ರಿಕವರಿ ಕಾಂಟ್ಯಾಕ್ಟ್ಸ್’ ಘೋಷಿಸಿತು. ನಂಬಿಕೆಯ ಹತ್ತು ಮಂದಿಯವರೆಗೆ ಹೆಸರಿಸಬಹುದು. ಖಾತೆ ಲಾಕ್ ಆದಾಗ ಅವರಲ್ಲಿ ಒಬ್ಬರನ್ನು ಆರಿಸಿದರೆ ನಿಮ್ಮ ಪರದೆಯ ಮೇಲೆ ಒಂದು ಸಂಖ್ಯೆ ಕಾಣುತ್ತದೆ. ಅದನ್ನು ಅವರಿಗೆ ಹೇಳಬೇಕು, ಅವರು ತಮ್ಮ ಫೋನಿನಲ್ಲಿ ಹದಿನೈದು ನಿಮಿಷದೊಳಗೆ ಅದೇ ಸಂಖ್ಯೆ ಒತ್ತಿ ಖಚಿತಪಡಿಸಬೇಕು. ಅವರಿಗೆ ನಿಮ್ಮ ಖಾತೆಯ ಒಳಗೆ ಪ್ರವೇಶ ಸಿಗುವುದಿಲ್ಲ. ಅಣ್ಣನ ನಂಬರ್ ಇಡುವುದಕ್ಕೂ ಗೆಳತಿಯನ್ನು ಸಾಕ್ಷಿ ಮಾಡಿಕೊಳ್ಳುವುದಕ್ಕೂ ಇರುವ ಅಂತರ ಇದೇ.

ಹಾಗಾದರೆ ಇವತ್ತು ಏನು ಮಾಡಬಹುದು? ಗೂಗಲ್ ಖಾತೆಯ ಭದ್ರತೆ ವಿಭಾಗಕ್ಕೆ ಹೋಗಿ ರಿಕವರಿ ಫೋನ್ ಮತ್ತು ಇಮೇಲ್ ಯಾರದ್ದಿದೆ ನೋಡಿ. ಬೇರೆಯವರದಿದ್ದರೆ ತೆಗೆದು ನಿಮ್ಮದು ಹಾಕಿ. ಬದಲಿಸಿದ ಮೇಲೂ ಏಳು ದಿನ ಹಳೆಯ ನಂಬರಿಗೆ ಕೋಡ್ ಹೋಗುವ ಸಾಧ್ಯತೆ ಇರುತ್ತದೆ, ಆ ವಾರ ಕಣ್ಣಿಟ್ಟಿರಿ. ಎರಡು ಹಂತದ ಪರಿಶೀಲನೆ ಹಾಕಿಕೊಂಡರೆ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ, ಒಂದೊಂದೂ ಎಂಟು ಅಂಕಿಯದ್ದು, ಒಂದೊಂದೂ ಒಂದೇ ಸಲ ನಡೆಯುವಂಥದ್ದು. ಸಿಮ್, ಸಿಗ್ನಲ್ ಯಾವುದೂ ಬೇಡ. ಫೋನಿನಲ್ಲೇ ಸ್ಕ್ರೀನ್‌ಶಾಟ್ ಇಟ್ಟರೆ ಫೋನ್ ಕಳೆದ ದಿನ ಅದೂ ಹೋಗುತ್ತದೆ. ಹಾಳೆಯ ಮೇಲೆ ಬರೆದು ಟ್ರಂಕಿನಲ್ಲಿ ಮಾರ್ಕ್ಸ್ ಕಾರ್ಡಿನ ಜೊತೆ ಇಡಿ. ನನಗೆ ಕೇಳಿದರೆ ಹಳ್ಳಿಗೆ ಇದಕ್ಕಿಂತ ಒಳ್ಳೆ ತಂತ್ರಜ್ಞಾನ ಬಂದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆರಂಕಿಯ ಪಿನ್ ಇಟ್ಟು ಇಮೇಲ್ ಜೋಡಿಸಿ. ಇಮೇಲ್ ಇಲ್ಲದೆ ಪಿನ್ ಮರೆತರೆ ಏಳು ದಿನ ಕಾಯಬೇಕಾಗುತ್ತದೆ.

ಆ ಪಿನ್ ಯಾಕೆ ಬೇಕು ಅನ್ನುವವರು 2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ಅವರಿಗೆ ಆದದ್ದನ್ನು ನೆನಪಿಸಿಕೊಳ್ಳಲಿ. ಪಾರ್ಸೆಲ್ ತಲುಪಿಸುವ ನೆಪದಲ್ಲಿ ಕರೆ ಬಂತು, ಹೇಳಿದ ಕೋಡ್ ಒತ್ತಿದ ಮೇಲೆ ವಾಟ್ಸ್‌ಆ್ಯಪ್ ಬೇರೆಯವರ ಪಾಲಾಯಿತು, ಪರಿಚಿತರಿಗೆ ಹಣ ಕೇಳುವ ಮೆಸೇಜುಗಳು ಹೋದವು. ಕರೆಗಳನ್ನು ಬೇರೆ ಫೋನಿಗೆ ತಿರುಗಿಸಿಬಿಟ್ಟರೆ ಫೋನ್ ಮೂಲಕ ಹೇಳುವ ಕೋಡ್ ಕೂಡ ಅಲ್ಲಿಗೇ ಹೋಗುತ್ತದೆ. ಅನುಮಾನ ಬಂದರೆ ##002# ಒತ್ತಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಸಿನಿಮಾದವರಾದ್ದರಿಂದ ಸುದ್ದಿಯಾಯಿತು, ಪೊಲೀಸರು ಬೆನ್ನುಹತ್ತಿದರು. ನವಲಗುಂದ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರಿಗೆ ಹೀಗಾದರೆ ಅಷ್ಟು ಮಂದಿ ಓಡಿ ಬರುವುದಿಲ್ಲ.

ಸಂಘಟನೆಗಳಲ್ಲಿ ಇರುವ ಗೆಳೆಯರಿಗೆ ಒಂದು ಮಾತು ಪ್ರತ್ಯೇಕವಾಗಿ. ಹೋರಾಟದ ಪೇಜು, ಯೂಟ್ಯೂಬ್ ಚಾನೆಲ್, ಸಾವಿರ ಮಂದಿಯ ಗ್ರೂಪು ಒಬ್ಬನೇ ಅಡ್ಮಿನ್ ಕೈಯಲ್ಲಿ ಇದ್ದರೆ ಆ ಹೋರಾಟದ ನೆನಪೆಲ್ಲ ಒಂದು ಸಿಮ್ಮಿನ ಮೇಲೆ ನಿಂತಿದೆ ಎಂದೇ ಲೆಕ್ಕ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಎದ್ದಾಗ ಕರಪತ್ರ ಹತ್ತಾರು ಮನೆಗಳಲ್ಲಿ ಉಳಿಯಬಲ್ಲದಾಗಿತ್ತು, ಈಗ ಎಲ್ಲವೂ ಒಂದೇ ಲಾಗಿನ್ ಒಳಗಿದೆ. ಕನಿಷ್ಠ ಮೂವರು ಅಡ್ಮಿನ್ ಇರಲಿ, ಅದರಲ್ಲಿ ಒಬ್ಬಳಾದರೂ ಹೆಣ್ಣುಮಗಳಿರಲಿ.

ಕಂಪನಿಗಳು ಖಾತೆ ಮುಚ್ಚಿ ಉತ್ತರ ಕೊಡದಿದ್ದರೆ ಕಾನೂನಿನ ದಾರಿಯೂ ಇದೆ. 2021ರ ಐಟಿ ನಿಯಮಗಳು ದೂರು ಅಧಿಕಾರಿಯನ್ನು ನೇಮಿಸಬೇಕು, 24 ಗಂಟೆಯಲ್ಲಿ ದೂರು ಸ್ವೀಕರಿಸಿದ್ದು ತಿಳಿಸಬೇಕು, 15 ದಿನದಲ್ಲಿ ಇತ್ಯರ್ಥ ಮಾಡಬೇಕು ಎಂಬ ಗಡುವಿನೊಂದಿಗೆ ಬಂದವು. ಅಲ್ಲೂ ಆಗದಿದ್ದರೆ ಮೇಲ್ಮನವಿ ಸಲ್ಲಿಸಲು 2023ರಿಂದ ಕೇಂದ್ರದ ಸಮಿತಿಗಳಿವೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 14ನೇ ಸೆಕ್ಷನ್ ಸತ್ತ ಮೇಲೆ ಅಥವಾ ಅಶಕ್ತರಾದಾಗ ನಮ್ಮ ಪರವಾಗಿ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಹಕ್ಕು ಕೊಡುತ್ತದೆ. ಬ್ಯಾಂಕಿನ ನಾಮಿನಿ ಇದ್ದಂತೆ. ಆದರೆ ದೂರು ಕೊಡುವುದೂ ಆನ್‌ಲೈನ್, ಅದಕ್ಕೂ ಇಮೇಲ್ ಬೇಕು, ಫೋನ್ ಬೇಕು. ಬಾವಿಗೆ ಬಿದ್ದವರಿಗೆ ಹಗ್ಗ ಮೇಲಿನ ಕಂಬಕ್ಕೇ ಸುತ್ತಿಟ್ಟ ಹಾಗೆ.

ಸರ್ಕಾರಕ್ಕೆ ಬೇರೆ ಥರ ಮಾಡಲು ಬರುವುದಿಲ್ಲ ಅಂತಲ್ಲ. ಪಿಎಂ-ಕಿಸಾನ್‌ನ ಇ-ಕೆವೈಸಿಯನ್ನು ಒಟಿಪಿಯಿಂದ ಮಾಡಬಹುದು, ಸೇವಾ ಕೇಂದ್ರದಲ್ಲಿ ಬೆರಳಿಟ್ಟು ಮಾಡಬಹುದು, 2023ರಿಂದ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ಮೂರು ಬಾಗಿಲು. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಮನೆ ಬಾಗಿಲಿಗೇ ಬಂದು ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸುವ ಸೇವೆ 2021ರಿಂದ ಇದೆ. ದಾಖಲೆ ಕೇಳುವುದಿಲ್ಲ, ಬೆರಳಚ್ಚು ಸಾಕು. ಇದು ಗೊತ್ತಿಲ್ಲದೆ ನಮ್ಮೂರ ಮಂದಿ ನವಲಗುಂದಕ್ಕೆ ಹೋಗಿ ಒಂದು ದಿನದ ಕೂಲಿ ಕಳಕೊಂಡು ಬರುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ ಕೇಳಲು ನನ್ನ ಹತ್ತಿರ ಮೂರು ಬೇಡಿಕೆಗಳಿವೆ. ಯಾರ ಅರ್ಜಿ ತುಂಬಿದರೂ ಯಾವ ನಂಬರ್, ಯಾವ ಇಮೇಲ್ ಹಾಕಿದ್ದಾರೆ ಅನ್ನುವುದನ್ನು ಮುದ್ರಿಸಿ ಅವರ ಕೈಗೆ ಕೊಡಬೇಕು. ಸೇವಾ ಕೇಂದ್ರದ ಸ್ವಂತ ನಂಬರನ್ನು ಯಾರ ಅರ್ಜಿಗೂ ಹಾಕಕೂಡದು. ತಿಂಗಳಿಗೊಂದು ದಿನ ಪೋಸ್ಟ್‌ಮನ್ ಅವರನ್ನು ಪಂಚಾಯಿತಿ ಕಟ್ಟೆಗೆ ಕರೆಸಿ, ಡಂಗುರ ಸಾರಿಸಿ ನಂಬರ್ ಜೋಡಣೆ ಮಾಡಿಸಬೇಕು. ಈಗ ಅದಕ್ಕೆ 75 ರೂಪಾಯಿ ಶುಲ್ಕವಿದೆ, ಗೃಹಲಕ್ಷ್ಮಿ ಫಲಾನುಭವಿಗಳ ಪಾಲಿನ ಆ ಹಣವನ್ನು ಪಂಚಾಯಿತಿಯೇ ಭರಿಸುತ್ತದಾ ಅಂತಲೂ ಕೇಳುವುದಿದೆ. ಸಭೆಗೆ ನೀವೂ ಬರ್ರಿ, ಬರುವಾಗ ಅವ್ವನನ್ನೋ ಅಕ್ಕನನ್ನೋ ಕರಕೊಂಡು ಬರ್ರಿ, ಅವರ ಅರ್ಜಿಯ ರಸೀದಿಯೂ ಜೊತೆಗಿರಲಿ.