ಪುಕ್ಕದ ಬಣ್ಣಕ್ಕೆ ಬೆಲೆ ಕಟ್ಟುವವರಿಗೆ

ಮೂಡಿಗೆರೆಯ ಅಥವಾ ಕಳಸದ ಸಂತೆಯಲ್ಲಿ ಕೋಳಿಯನ್ನು ಕೊಳ್ಳುವಾಗ ನೀವು ಮೊದಲು ನೋಡುವುದು ಪುಕ್ಕದ ಬಣ್ಣವನ್ನು. ಬಿಳಿಯಾದರೆ ಫಾರಂ, ಕೆಂಪು-ಕಪ್ಪಾದರೆ ನಾಟಿ ಎಂಬ ತೀರ್ಮಾನ ನಮ್ಮಲ್ಲಿ ಬೇರೂರಿಬಿಟ್ಟಿದೆ. ಇದು ತಪ್ಪು ತೀರ್ಮಾನ. ಇದರಿಂದ ನಷ್ಟವಾಗುತ್ತಿರುವುದು ನಿಮ್ಮ ಹಣಕ್ಕಷ್ಟೇ ಅಲ್ಲ.

ಬಣ್ಣವೆಂಬುದು ತಳಿಗಾರನ ಕೈಯೊಳಗಿನ ವಿಷಯ. ಬ್ರಾಯ್ಲರ್ ಕೋಳಿಗೆ ಬಿಳಿ ಬಣ್ಣವನ್ನು ಆರಿಸಿಕೊಂಡದ್ದು, ಪುಕ್ಕ ಕಿತ್ತ ಮೇಲೆ ಚರ್ಮದಲ್ಲಿ ಕಪ್ಪು ಮೊಳಕೆಗಳು ಕಾಣಬಾರದೆಂದು. ಬಣ್ಣದ ಕೋಳಿಯನ್ನೂ ಹಾಗೆಯೇ ಬೇಕೆಂದು ರೂಪಿಸಬಹುದು, ರೂಪಿಸಿಯೂ ಇದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ಗಿರಿರಾಜವನ್ನು ಹೊರತಂದಿತು. 2005ರಲ್ಲಿ ಸ್ವರ್ಣಧಾರ ಬಂದಿತು. ಹಿತ್ತಲಲ್ಲಿ ಮೇಯಲಿ, ಹಳ್ಳಿಯವರು ಮೆಚ್ಚುವ ಬಣ್ಣವಿರಲಿ, ಮೊಟ್ಟೆಯೂ ಹೆಚ್ಚಲಿ ಎಂಬುದು ಉದ್ದೇಶ. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಆ ವಿಜ್ಞಾನಿಗಳ ಮೇಲೆ ನನ್ನ ಆಕ್ಷೇಪವಿಲ್ಲ. ಅದನ್ನು ನಾಟಿಯೆಂದು ಕರೆದವರು ಮಾರುವವರು, ನಂಬಿದವರು ನಾವು.

ಬಣ್ಣದ ಹುಚ್ಚು ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಲು ಶುದ್ಧ ತಳಿಗಳ ಪ್ರದರ್ಶನಗಳನ್ನು ನೋಡಿರಿ. ಯಾವ ತಳಿಗೆ ಯಾವ ಬಣ್ಣ ಸಲ್ಲುತ್ತದೆಂದು ಹೇಳುವ ಪುಸ್ತಕವೇ ಅಮೆರಿಕದಲ್ಲಿ 1874ರಿಂದ ಇದೆ. ಆಂಡಲೂಸಿಯನ್ ತಳಿಯ ಎರಡು ನೀಲಿಬೂದು ಕೋಳಿಗಳನ್ನು ಕೂಡಿಸಿದರೆ ಮರಿಗಳಲ್ಲಿ ಸುಮಾರು ಅರ್ಧ ಮಾತ್ರ ನೀಲಿ. ಕಾಲುಭಾಗ ಕಪ್ಪು, ಕಾಲುಭಾಗ ಮಾಸಲು ಬಿಳಿ. ಆ ಉಳಿದರ್ಧ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ನೀಲಿಯ ಬಹುಮಾನಕ್ಕೆ ಸಲ್ಲದು. ಆದಿಕಾಂಡದ ಯಕೋಬನೂ ಲಾಬಾನನ ಮಂದೆಯಿಂದ ಚುಕ್ಕೆಮಚ್ಚೆಯ ಆಡುಕುರಿಗಳನ್ನೇ ಕೂಲಿಯಾಗಿ ಬೇಡಿದನಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಬಣ್ಣವು ಯಾರ ಪಾಲು ಯಾವುದೆಂದು ತಿಳಿಯುವ ಗುರುತಾಗಿತ್ತು, ಅಷ್ಟೆ.

ಈಗ ತೋಟದ ಲೈನ್ ಮನೆಗಳ ಹಿಂದೆ ಕೆದಕುವ ಹೇಂಟೆಯನ್ನು ನೋಡಿರಿ. ಕೆಂಪು, ಬೂದು, ಚುಕ್ಕೆಯದು, ಕತ್ತಿನಲ್ಲಿ ಪುಕ್ಕವಿಲ್ಲದ್ದು, ಎಲ್ಲವೂ ಒಂದೇ ಕಾವಿನಲ್ಲಿ ಹೊರಬರಬಹುದು. ಮೊಟ್ಟೆ ಕಡಿಮೆ, ನಿಜ. ಆದರೆ ಅದು ತಾನೇ ಕಾವಿಗೆ ಕೂರುತ್ತದೆ. ಗಿಡುಗನ ನೆರಳು ಕಂಡೊಡನೆ ಮರಿಗಳನ್ನು ಕಾಫಿ ಗಿಡದಡಿಗೆ ಕರೆಯುತ್ತದೆ. ಗಿರಿರಾಜಕ್ಕೆ ಕಾವಿನ ಗುಣ ತೀರ ಕಡಿಮೆ. ಅದರ ಮೊಟ್ಟೆಯನ್ನು ಬೇರೆ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದರೂ ತಾಯಿಯ ಇಳುವರಿ ಮರಿಗಳಿಗೆ ಹಾಗೆಯೇ ಇಳಿದು ಬಾರದು. ಪ್ರತಿ ಸಲವೂ ಮರಿ ಕೊಳ್ಳಬೇಕು. ಕೂಲಿಯನ್ನೇ ನಂಬಿದ ತಾಯಿಗೆ ಕಾವಿಗೆ ಕೂರುವ ಹೇಂಟೆಯೆಂದರೆ ಕಾಸಿಲ್ಲದೆ ನಡೆಯುವ ಹ್ಯಾಚರಿ. ಅದನ್ನು ಅವಳ ಕೈಯಿಂದ ಕಸಿದು ಬಣ್ಣ ಕೊಟ್ಟರೆ ಅವಳೇನು ಮಾಡಬೇಕು?

ಇನ್ನೊಂದು ಮಾತು. ಸಾಕುಕೋಳಿಯ ಚರ್ಮಕ್ಕೆ ಹಳದಿ ಬಣ್ಣ ಬಂದದ್ದು ನಮ್ಮ ಘಟ್ಟಗಳಲ್ಲಿಯೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಬೆಡಗಿನ ತಳಿಗಾರನ ಬಂಡವಾಳವೂ ಇಂತಹ ಕಾಡಿನದೇ.

ಗಿರಿರಾಜವನ್ನು ಸಾಕುವವರು ಸಾಕಲಿ. ಅದರ ಹುಂಜವನ್ನು ಮಾತ್ರ ನಾಟಿ ಹೇಂಟೆಗಳ ನಡುವೆ ಬಿಡಬೇಡಿರಿ. ಕೆಲವೇ ತಲೆಮಾರುಗಳಲ್ಲಿ ಕಾವಿನ ಗುಣ ಕರಗೀತು. ಕ್ರಿಸ್‌ಮಸ್ ಅಡುಗೆಗೆ ಕೋಳಿ ಕೊಳ್ಳುವಾಗ ಅದು ಎಲ್ಲಿ ಬೆಳೆಯಿತು, ಎಷ್ಟು ತಿಂಗಳಿನದು, ಹೇಂಟೆ ಕಾವು ಕೂತು ಆದ ಮರಿಯೇ ಎಂದು ಕೇಳಿರಿ. ಉತ್ತರ ಹೇಳಲಾರದವನಿಗೆ ನಾಟಿಯ ಬೆಲೆ ಕೊಡಬೇಡಿರಿ.