ಸ್ವಿಚ್ ಹಾಕಿದೆಯೋ, ಹಾಕಿದರೋ?

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತೆಂದರೆ ಕಾಲೇಜಿನಲ್ಲಿ ಆಪ್ಟಿಟ್ಯೂಡ್ ತರಬೇತಿ ಶುರು. ಲೆಕ್ಕ, ಲಾಜಿಕ್ ಹೇಗೋ ದಾಟುತ್ತೇವೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರು ಬೆವರುವುದು ವರ್ಬಲ್ ವಿಭಾಗದಲ್ಲಿ, ಅದರಲ್ಲೂ ಪ್ಯಾಸಿವ್ ವಾಯ್ಸ್ ಮತ್ತು ಪಾರ್ಟಿಸಿಪಲ್ ಎದುರಾದಾಗ. ‘ಬಿ ವರ್ಬ್ ಪ್ಲಸ್ ವಿ-3’ ಎಂದು ಬೋರ್ಡ್ ಮೇಲೆ ಸೂತ್ರ ಬರೆದು, ಇಪ್ಪತ್ತು ವಾಕ್ಯ ಬದಲಾಯಿಸಿ ಎಂದರೆ ಪಾಠ ಮುಗಿಯಿತು. ಜೊತೆಗೊಂದು ಉಪದೇಶ: ‘ಕನ್ನಡದಲ್ಲಿ ಯೋಚಿಸಬೇಡಿ.’

ನನ್ನ ತಕರಾರು ಈ ಉಪದೇಶದ ಮೇಲೆ. ಈ ಒಂದು ವಿಷಯದಲ್ಲಂತೂ ಕನ್ನಡದಲ್ಲಿ ಯೋಚಿಸಿದರೇ ಇಂಗ್ಲಿಷ್ ಬೇಗ ಅರ್ಥವಾಗುತ್ತದೆ.

‘ದಿ ಶಾಪ್ ವಾಸ್ ಕ್ಲೋಸ್ಡ್’ ಎಂಬ ವಾಕ್ಯ ನೋಡಿ. ನಾವು ಹೋದಾಗ ಅಂಗಡಿ ಮುಚ್ಚಿತ್ತು ಎಂದೂ ಆಗುತ್ತದೆ, ಯಾರೋ ಬಂದು ಅಂಗಡಿ ಮುಚ್ಚಿದರು ಎಂದೂ ಆಗುತ್ತದೆ. ಮೊದಲನೆಯದರಲ್ಲಿ ‘ಕ್ಲೋಸ್ಡ್’ ಅಂಗಡಿಯ ಸ್ಥಿತಿ ಹೇಳುವ ಪಾರ್ಟಿಸಿಪಲ್, ಎರಡನೆಯದರಲ್ಲಿ ನಡೆದ ಕೆಲಸ ಹೇಳುವ ಪ್ಯಾಸಿವ್. ಇಂಗ್ಲಿಷ್ ಎರಡಕ್ಕೂ ಒಂದೇ ರೂಪ ಕೊಟ್ಟು ಸುಮ್ಮನಾಗುತ್ತದೆ. ಕನ್ನಡದಲ್ಲಿ ‘ಮುಚ್ಚಿತ್ತು’, ‘ಮುಚ್ಚಿದರು’ ಬೇರೆ ಬೇರೆ. (ಹೈಸ್ಕೂಲಿನಲ್ಲಿ ಕಲಿತ ‘ಮುಚ್ಚಲ್ಪಟ್ಟಿತು’ ಇದೆಯಲ್ಲ, ಅದನ್ನು ಪರೀಕ್ಷೆಯ ಹೊರಗೆ ಯಾರೂ ಅಂದದ್ದು ನಾನು ಕೇಳಿಲ್ಲ.)

ಇದು ಬರೀ ವ್ಯಾಕರಣದ ತಲೆನೋವಲ್ಲ. ಸರ್ಕ್ಯೂಟ್ ಲೆಕ್ಕಗಳಲ್ಲಿ ‘ದಿ ಸ್ವಿಚ್ ಈಸ್ ಕ್ಲೋಸ್ಡ್ ಅಟ್ ಟಿ ಈಕ್ವಲ್ ಟು ಝೀರೋ’ ಎಂದಿರುತ್ತದೆ. ಅಂದರೆ ಆ ಗಳಿಗೆಯಲ್ಲಿ ಸ್ವಿಚ್ ಹಾಕಿದರು. ಬೇರೇನೂ ಹೇಳದಿದ್ದರೆ ಅದಕ್ಕೂ ಮೊದಲು ಇಂಡಕ್ಟರ್‌ನಲ್ಲಿ ಕರೆಂಟ್ ಸೊನ್ನೆ. ಇನ್ನೊಂದು ಲೆಕ್ಕದಲ್ಲಿ ‘ಹ್ಯಾಸ್ ಬೀನ್ ಕ್ಲೋಸ್ಡ್ ಫಾರ್ ಎ ಲಾಂಗ್ ಟೈಮ್’. ಅಂದರೆ ಸ್ವಿಚ್ ತುಂಬಾ ಹೊತ್ತಿನಿಂದ ಹಾಕೇ ಇದೆ. ಡಿಸಿ ಸರ್ಕ್ಯೂಟ್ ಆದರೆ ಇಂಡಕ್ಟರ್ ಈಗ ಬರೀ ತಂತಿಯಂತೆ. ಎರಡೂ ಕಡೆ ಅದೇ ‘ಕ್ಲೋಸ್ಡ್’. ಕೆಲಸವನ್ನು ಸ್ಥಿತಿ ಎಂದು ಓದಿಕೊಂಡರೆ ಆರಂಭದ ಬೆಲೆಯೇ ತಪ್ಪಿ, ಆಮೇಲೆ ಎಷ್ಟು ಚೆನ್ನಾಗಿ ಇಂಟಿಗ್ರೇಟ್ ಮಾಡಿದರೂ ಉತ್ತರ ಬರುವುದಿಲ್ಲ.

ಹಾಗೆಂದು ಕನ್ನಡ ಎಲ್ಲ ಕಡೆಯೂ ಕೈ ಹಿಡಿಯುತ್ತದೆ ಎನ್ನುವಂತಿಲ್ಲ. ‘ಅಜ್ಜಿ ಬೇಯಿಸಿದ ಕಡಲೆಕಾಯಿ’, ‘ಕಡಲೆಕಾಯಿ ಬೇಯಿಸಿದ ಅಜ್ಜಿ’: ನಮಗೆ ಎರಡಕ್ಕೂ ‘ಬೇಯಿಸಿದ’ ಸಾಕು. ಇಂಗ್ಲಿಷ್‌ನಲ್ಲಿ ‘ಬಾಯ್ಲ್ಡ್ ಪೀನಟ್ಸ್’ ಸರಿ, ‘ಬಾಯ್ಲ್ಡ್ ಗ್ರಾಂಡ್‌ಮದರ್’ ಎಂದರೆ ಪೊಲೀಸರು ಬರುತ್ತಾರೆ. ‘ಐ ಆಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಎಂದು ಬಯೋಡೇಟಾದಲ್ಲಿ ಬರೆಯುವವರ ಎಡವಟ್ಟೂ ಇದೇ ಜಾತಿಯದು. ಆಸಕ್ತಿ ಹುಟ್ಟಿಸುವುದು ‘ಇಂಗ್’, ಆಸಕ್ತಿ ಹುಟ್ಟಿದವರಿಗೆ ‘ಎಡ್’.

ಅಣಕು ಸಂದರ್ಶನಗಳಲ್ಲಿ ಅತಿ ಹೆಚ್ಚು ನಗೆಗೀಡಾಗುವ ವಾಕ್ಯ ‘ಐ ಆಮ್ ಕಂಪ್ಲೀಟೆಡ್ ಮೈ ಡಿಪ್ಲೊಮಾ.’ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಒಬ್ಬ ಗೆಳೆಯ ಇದನ್ನು ಹೇಳಿ, ಇಡೀ ಹಾಲ್ ನಕ್ಕ ಮೇಲೆ ಮತ್ತೆ ಆ ತರಗತಿಗೆ ಬರಲಿಲ್ಲ. ನಗುವ ಮೊದಲು ‘ಮುಗಿಸಿದ್ದೇನೆ’ ಎಂಬುದನ್ನು ಬಿಡಿಸಿ ನೋಡಬೇಕಿತ್ತು. ‘ಮುಗಿಸಿ’ ಮತ್ತು ‘ಇದ್ದೇನೆ’. ಕನ್ನಡ ಇಲ್ಲಿ ‘ಇರು’ ಬಳಸುತ್ತದೆ, ಇಂಗ್ಲಿಷ್ ‘ಹ್ಯಾವ್’ ಬಳಸುತ್ತದೆ. ಅವನು ‘ಇದ್ದೇನೆ’ಯನ್ನು ನಿಯತ್ತಾಗಿ ‘ಆಮ್’ ಮಾಡಿದ, ಅಷ್ಟೇ. ಅದು ದಡ್ಡತನವಲ್ಲ, ಒಂದು ವ್ಯಾಕರಣವನ್ನು ಇನ್ನೊಂದರ ಜಾಗಕ್ಕೆ ತಂದದ್ದು. ಇದನ್ನು ಅವನಿಗೆ ವಿವರಿಸಲು ಎರಡು ನಿಮಿಷ ಸಾಕಿತ್ತು. ಆದರೆ ಕನ್ನಡದಲ್ಲಿ ಯೋಚಿಸಬಾರದು ಎಂಬ ನಿಯಮವಿರುವ ತರಗತಿಯಲ್ಲಿ ಆ ಎರಡು ನಿಮಿಷ ಸಿಗುವುದಿಲ್ಲ.

ನಮ್ಮ ಹಾಸ್ಟೆಲ್‌ನಲ್ಲಿ ನಾವು ಬಳಸುವ ಉಪಾಯ ಸರಳ. ವಾಕ್ಯಕ್ಕೆ ‘ಯಾರೋ ಮಾಡಿದರು’ ಹೊಂದಿದರೆ ಪ್ಯಾಸಿವ್. ‘ಹಾಗೇ ಇದೆ’ ಹೊಂದಿದರೆ ಪಾರ್ಟಿಸಿಪಲ್. ಹಿಂದೆ ‘ವೆರಿ’ ಕೂತರೆ, ‘ವೆರಿ ಟೈರ್ಡ್’ ಎಂಬಂತೆ, ಸಾಮಾನ್ಯವಾಗಿ ಸ್ಥಿತಿಯೇ. ‘ಬೈ ದಿ ವಾಚ್‌ಮನ್’ ಎಂದು ಮಾಡಿದವರ ಹೆಸರು ಬಂದರೆ ಬಹುಮಟ್ಟಿಗೆ ಕೆಲಸವೇ.

ಇಷ್ಟಾದರೂ ‘ದಿ ಗ್ಲಾಸ್ ವಾಸ್ ಬ್ರೋಕನ್’ ಎಂದಷ್ಟೇ ಕೊಟ್ಟು, ನಾಲ್ಕು ಆಯ್ಕೆ ಇಟ್ಟು, ಒಂದನ್ನೇ ಆರಿಸು ಎನ್ನುವ ಪ್ರಶ್ನೆಗಳಿವೆ. ಹಿಂದುಮುಂದಿನ ವಾಕ್ಯವಿಲ್ಲದೆ ಅದನ್ನು ಇಂಗ್ಲಿಷ್ ಮನೆಮಾತಿನವರೂ ಹೇಳಲಾರರು. ಅಲ್ಲಿ ತಲೆ ಕೆಡಿಸಿಕೊಳ್ಳದೆ ಮುಂದಿನ ಪ್ರಶ್ನೆಗೆ ಹೋಗಿ.